ಉಸಿರೋ, ಎದೆಬಡಿತವೋ: ಯಹೂದಿ ಧರ್ಮಶಾಸ್ತ್ರದಲ್ಲಿ ಸಾವಿನ ನಿರ್ಣಯ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇರುವುದರಿಂದ ಉತ್ತರಗಳನ್ನು ಒಟ್ಟಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ಮಿದುಳು ನಿಷ್ಕ್ರಿಯವಾದ ವ್ಯಕ್ತಿಯನ್ನು ಸತ್ತವನೆಂದು ಪರಿಗಣಿಸಬೇಕೇ ಎಂಬ ಬಗ್ಗೆ ಯಹೂದಿ ಧರ್ಮಗುರುಗಳಾದ ರಬ್ಬಿಗಳಲ್ಲೇ ಒಮ್ಮತವಿಲ್ಲವೆಂದು ಓದಿದೆ. ಇಷ್ಟು ಪ್ರಾಚೀನವಾದ ಧರ್ಮಶಾಸ್ತ್ರದಲ್ಲಿ ಸಾವು ಎಂದರೇನು ಎಂಬುದೇ ಇತ್ಯರ್ಥವಾಗಿಲ್ಲವೇ?

ಉತ್ತರ: ನೀವು ಕೇಳಿರುವ ರೂಪದಲ್ಲಿ ಈ ಪ್ರಶ್ನೆ ಅವರ ಶಾಸ್ತ್ರಗ್ರಂಥಗಳಲ್ಲಿ ಎಲ್ಲೂ ಬರುವುದಿಲ್ಲ. ಹಲಾಖಾ ಎಂದು ಕರೆಯುವ ಯಹೂದಿ ಧರ್ಮಶಾಸ್ತ್ರವು ಜೀವ ಯಾವುದು, ಮರಣ ಯಾವುದು ಎಂಬ ತಾತ್ವಿಕ ವಿಚಾರದಿಂದ ಹೊರಡುವುದಿಲ್ಲ. ಎದುರಿಗೆ ಬಿದ್ದಿರುವ ಈ ಮನುಷ್ಯನಿಗಾಗಿ ನಾನೀಗ ಏನು ಮಾಡಬೇಕು, ಏನು ಮಾಡಕೂಡದು ಎಂದು ಅದು ಕೇಳುತ್ತದೆ. ಸಾವಿನ ಲಕ್ಷಣದ ಮಾತು ಬರುವುದು ಆ ಕರ್ತವ್ಯದ ಚರ್ಚೆಯ ನಡುವೆ, ಪ್ರಾಸಂಗಿಕವಾಗಿ. ಹೀಗೆ ಪ್ರಾಸಂಗಿಕವಾಗಿ ಬಂದ ಮಾತನ್ನು ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ವ್ಯಾಖ್ಯೆಯೆಂದು ಓದಬೇಕಾಗಿ ಬಂದದ್ದೇ ಇಂದಿನ ಭಿನ್ನಾಭಿಪ್ರಾಯದ ಬೇರು ಎಂದು ನನಗೆ ತೋರುತ್ತದೆ.

ಮುಖ್ಯ ಆಧಾರವಾಕ್ಯ ಇರುವುದು ಪ್ರಾಚೀನ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಯೋಮಾ ಎಂಬ ಭಾಗದಲ್ಲಿ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಯಾವ ಕೆಲಸವನ್ನೂ ಮಾಡಕೂಡದು. ಆದರೆ ಅದೇ ದಿನ ಒಂದು ಕಟ್ಟಡ ಕುಸಿದರೆ, ಅದರಡಿ ಯಾರಾದರೂ ಇದ್ದಾರೋ ಇಲ್ಲವೋ, ಇದ್ದರೂ ಬದುಕಿದ್ದಾರೋ ಸತ್ತಿದ್ದಾರೋ ಎಂಬ ಸಂಶಯವಿದ್ದಾಗಲೂ ಅವಶೇಷಗಳನ್ನು ಅಗೆದು ತೆಗೆಯಲೇಬೇಕು. ಜೀವ ಉಳಿಸುವ ಹೊಣೆ ಸಬ್ಬತ್ತಿಗಿಂತ ದೊಡ್ಡದು, ಉಳಿಯುವ ಜೀವ ಒಂದು ಗಳಿಗೆಯದಾದರೂ ಸರಿ. ಸಿಕ್ಕಿದ್ದು ಶವವಾದರೆ ಮಾತ್ರ ಸಬ್ಬತ್ ಮುಗಿಯುವವರೆಗೆ ಅದನ್ನು ಹಾಗೆಯೇ ಬಿಡಬೇಕು. ಹಾಗಾದರೆ ಮಣ್ಣಿನಡಿ ಸಿಕ್ಕ ದೇಹವನ್ನು ಎಲ್ಲಿಯವರೆಗೆ ಬಿಡಿಸಿ ನೋಡಬೇಕು? ಮೂಗಿನವರೆಗೆ ಎಂದು ಒಂದು ಮತ, ಎದೆಯವರೆಗೆ ಎಂದು ಇನ್ನೊಂದು. ಪಾಪಾ ಎಂಬ ಪಂಡಿತ ಈ ಭೇದವನ್ನು ಕಿರಿದುಗೊಳಿಸುತ್ತಾನೆ. ಕಾಲಿನ ಕಡೆಯಿಂದ ಅಗೆಯುತ್ತ ಬಂದರೆ ಮಾತ್ರ ಈ ವಿವಾದ. ತಲೆಯ ಕಡೆಯಿಂದ ಬಂದರೆ ಮೂಗಿನ ಬಳಿ ಉಸಿರಿದೆಯೇ ಎಂದು ನೋಡಿದರೆ ಸಾಕು ಎಂಬುದು ಎಲ್ಲರಿಗೂ ಒಪ್ಪಿಗೆ. ಇದಕ್ಕೆ ಆಧಾರ ಬೈಬಲ್ಲಿನ ಆದಿಕಾಂಡದ ಜಲಪ್ರಳಯದ ಪ್ರಸಂಗದಲ್ಲಿ ಬರುವ, ಮೂಗಿನಲ್ಲಿ ಜೀವಶ್ವಾಸವಿದ್ದ ಸಕಲ ಪ್ರಾಣಿಗಳೂ ಸತ್ತವೆಂಬ ವಾಕ್ಯ.

ಇಷ್ಟನ್ನು ಓದಿದರೆ ಉಸಿರು ನಿಂತದ್ದೇ ಸಾವು ಎಂದು ಮುಗಿಸಿಬಿಡಬಹುದು. ಆದರೆ ಹನ್ನೊಂದನೆಯ ಶತಮಾನದ ಭಾಷ್ಯಕಾರ ರಾಶಿ ಇಲ್ಲೊಂದು ಮಾತು ಸೇರಿಸುತ್ತಾನೆ: ಕೆಲವೊಮ್ಮೆ ಎದೆಯಲ್ಲಿ ಜೀವ ಗೊತ್ತಾಗುವುದಿಲ್ಲ, ಮೂಗಿನಲ್ಲಿ ಗೊತ್ತಾಗುತ್ತದೆ. ಗೊತ್ತಾಗುವುದು ಎಂಬ ಮಾತಿನಲ್ಲೇ ಮುಂದಿನ ಎಲ್ಲ ವಾದಗಳೂ ಅಡಗಿವೆ. ಉಸಿರೇ ಜೀವವೋ, ಅಥವಾ ಒಳಗೆಲ್ಲೋ ಇರುವ ಜೀವಕ್ಕೆ ಉಸಿರು ಹೊರಗಿನ ಗುರುತು ಮಾತ್ರವೋ? ಗುರುತು ಮಾತ್ರವಾದರೆ, ಬೇರೆ ಗುರುತು ಕಾಣಿಸಿದಾಗ ಉಸಿರಿಲ್ಲವೆಂಬ ಒಂದೇ ಕಾರಣಕ್ಕೆ ಮನುಷ್ಯನನ್ನು ಸತ್ತವನೆನ್ನಲಾಗದು.

ಎರಡನೆಯ ಆಧಾರ ತಾಲ್ಮುದಿಗೆ ತಳಹದಿಯಾದ ನಿಯಮಸಂಗ್ರಹ ಮಿಷ್ನಾದ ಒಹೊಲೋತ್ ಭಾಗದ್ದು. ಶವದಿಂದ ಮೈಲಿಗೆ ತಗಲುವುದು ಯಾವಾಗ ಎಂಬುದು ಅಲ್ಲಿನ ಚರ್ಚೆ. ಸಾಯುತ್ತಿರುವವನು ಪ್ರಾಣ ಹೋಗುವವರೆಗೆ ಬದುಕಿರುವವನೇ. ಆದರೆ ತಲೆ ಕಡಿದುಹೋಗಿದ್ದರೆ ದೇಹ ಒದ್ದಾಡುತ್ತಿದ್ದರೂ ಅದು ಶವವೇ, ಕತ್ತರಿಸಿದ ಹಲ್ಲಿಯ ಬಾಲ ಮಿಡುಕುವುದಿಲ್ಲವೇ ಹಾಗೆ. ಚಲನೆಯಿರುವಲ್ಲೆಲ್ಲ ಜೀವವಿರಬೇಕೆಂದಿಲ್ಲ ಎಂಬ ಈ ಮಾತನ್ನು ಇಪ್ಪತ್ತನೆಯ ಶತಮಾನದ ರಬ್ಬಿಗಳು ಮತ್ತೆ ಕೈಗೆತ್ತಿಕೊಂಡರು.

ಅದಕ್ಕೂ ಮೊದಲು ಒಂದು ರಾಜಾಜ್ಞೆ ಈ ವಿಷಯವನ್ನು ಕೆದಕಿತ್ತು. ಜೀವಂತವಿರುವವರನ್ನೇ ಹೂತುಬಿಡುವ ಭಯ ಯೂರೋಪಿನಲ್ಲಿ ಹರಡಿದ್ದ ಕಾಲವದು. 1772ರಲ್ಲಿ ಜರ್ಮನಿಯ ಮೆಕ್ಲೆನ್‌ಬುರ್ಗ್-ಶ್ವೆರಿನ್ ಪ್ರಾಂತದ ಡ್ಯೂಕ್, ಸತ್ತವರನ್ನು ಮೂರು ದಿನ ಕಾದು ಹೂಳಬೇಕೆಂದು ಆಜ್ಞೆ ಹೊರಡಿಸಿದ. ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ ಸಂಸ್ಕಾರ ಮುಗಿಸಬೇಕೆನ್ನುವ ಯಹೂದಿಗಳಿಗೆ ಇದು ಇಕ್ಕಟ್ಟಾಯಿತು. ದಾರ್ಶನಿಕ ಮೋಸೆಸ್ ಮೆಂಡೆಲ್ಸೋನ್ ಆಜ್ಞೆಗೆ ಹೊಂದಿಕೊಳ್ಳಬಹುದೆಂದ. ರಬ್ಬಿ ಯಾಕೋಬ್ ಎಮ್ಡೆನ್ ಸುತರಾಂ ಒಪ್ಪಲಿಲ್ಲ. ಹತಮ್ ಸೋಫೆರ್ ಎಂದು ಪ್ರಸಿದ್ಧರಾದ ಪ್ರೆಸ್‌ಬುರ್ಗಿನ ರಬ್ಬಿ ಮೋಸೆಸ್ ಸೋಫೆರ್ (1762–1839) ದಶಕಗಳ ನಂತರ ಇದೇ ಪ್ರಶ್ನೆಗೆ ಬರೆದ ಉತ್ತರದಲ್ಲಿ ಮೂರು ಲಕ್ಷಣಗಳನ್ನು ಹೇಳಿದರು. ದೇಹ ಕಲ್ಲಿನಂತೆ ನಿಶ್ಚಲವಾಗಿರಬೇಕು, ನಾಡಿ ಮಿಡಿಯುತ್ತಿರಬಾರದು, ಆಮೇಲೆ ಉಸಿರೂ ನಿಂತಿರಬೇಕು. ಇಷ್ಟಾದರೆ ಸಂಸ್ಕಾರಕ್ಕೆ ತಡಮಾಡಕೂಡದು. ಬೇಗ ಹೂಳಲು ಅನುಮತಿ ಕೊಡುವುದಕ್ಕಾಗಿ ಬರೆದ ಈ ಉತ್ತರವೇ, ನಾಡಿ ಎಂಬ ಒಂದು ಶಬ್ದದ ಬಲದಿಂದ, ಮಿದುಳು ಸಾವನ್ನು ಒಪ್ಪದವರಿಗೆ ಮುಂದೆ ದೊಡ್ಡ ಆಸರೆಯಾಯಿತು.

ಪ್ರಶ್ನೆ: ವೆಂಟಿಲೇಟರಿನ ಮೇಲಿರುವ ವ್ಯಕ್ತಿಯ ಮಿದುಳು ಸತ್ತಿದೆ, ಹೃದಯ ಬಡಿಯುತ್ತಿದೆ. ಅಂಥವನು ಬದುಕಿದ್ದಾನೆ ಎನ್ನುವ ರಬ್ಬಿಗಳು ವಿಜ್ಞಾನವನ್ನೇ ನಿರಾಕರಿಸುತ್ತಿದ್ದಾರೆ ಎನ್ನಬಹುದಲ್ಲವೇ?

ಉತ್ತರ: ಹಾಗೆ ಹೇಳುವುದು ಅವರಿಗೆ ಅನ್ಯಾಯ. ವಿಜ್ಞಾನ ದೇಹದ ಸ್ಥಿತಿಯನ್ನು ಹೇಳಬಲ್ಲದು. ಆ ಸ್ಥಿತಿಗೆ ಸಾವು ಎಂದು ಹೆಸರಿಡಬೇಕೇ ಎಂಬುದನ್ನು ಕಾನೂನು, ಧರ್ಮ, ನೀತಿಗಳೇ ಹೇಳಬೇಕು. ವಿರೋಧಿಸುವ ರಬ್ಬಿಗಳಲ್ಲಿ ಬಹುಮಂದಿ ವೈದ್ಯರು ವರದಿಯಲ್ಲಿ ಬರೆದದ್ದನ್ನು ಅಲ್ಲಗಳೆಯುವುದಿಲ್ಲ.

ದೇಹದ ಸ್ಥಿತಿ ಇದು: ಹೃದಯದ ಬಡಿತಕ್ಕೆ ಪ್ರೇರಣೆ ಹೃದಯದ ಒಳಗೇ ಹುಟ್ಟುತ್ತದೆ. ಆದ್ದರಿಂದ ಮಿದುಳಿನ ಸಂಪರ್ಕ ಕಡಿದರೂ ಆಮ್ಲಜನಕ ಸಿಗುತ್ತಿರುವಷ್ಟು ಕಾಲ ಅದು ಬಡಿಯಬಲ್ಲದು. ಉಸಿರಾಟ ಹಾಗಲ್ಲ, ಪ್ರತಿಯೊಂದು ಉಸಿರಿಗೂ ಆದೇಶ ಬರುವುದು ಮಿದುಳಿನ ಬುಡದಲ್ಲಿರುವ ಮಿದುಳುಕಾಂಡದಿಂದ. ಮಿದುಳುಕಾಂಡ ಸತ್ತರೆ ಉಸಿರು ನಿಲ್ಲುತ್ತದೆ, ಹಿಂದೆಯೇ ಹೃದಯವೂ ನಿಲ್ಲುತ್ತದೆ. ವೆಂಟಿಲೇಟರ್ ಬರುವ ಮುಂಚೆ ಈ ಎರಡರ ನಡುವೆ ಕೆಲವೇ ನಿಮಿಷಗಳ ಅಂತರವಿತ್ತು, ಯಾರಿಗೂ ಅದರಿಂದ ತೊಡಕಾಗಿರಲಿಲ್ಲ. ಯಂತ್ರ ಆ ನಿಮಿಷಗಳನ್ನು ದಿನಗಳಾಗಿ ಹಿಗ್ಗಿಸಿತು. 1967ರ ಡಿಸೆಂಬರಿನಲ್ಲಿ ಕೇಪ್ ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು, ಮತ್ತೆ ಎಚ್ಚರಗೊಳ್ಳಲಾರದ ಕೋಮಾ ಸ್ಥಿತಿಯನ್ನೇ ಸಾವಿನ ಮಾನದಂಡವಾಗಿ ಸ್ವೀಕರಿಸಬೇಕೆಂದಿತು. ಬಡಿಯುವ ಹೃದಯವನ್ನು ತೆಗೆಯುವ ಪ್ರಶ್ನೆ ಅಂದಿನಿಂದ ರಬ್ಬಿಗಳ ಎದುರು ನಿಂತಿತು.

ಅಮೆರಿಕದ ಸಂಪ್ರದಾಯನಿಷ್ಠ (ಆರ್ಥಡಾಕ್ಸ್) ಯಹೂದಿಗಳಲ್ಲಿ ಅತ್ಯಂತ ಮಾನ್ಯರಾಗಿದ್ದ ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) 1968ರಲ್ಲಿ ಹೃದಯ ಕಸಿಯನ್ನು ಇಬ್ಬರ ಕೊಲೆಯೆಂದು ಕರೆದು ನಿಷೇಧಿಸಿದರು. ದಾನಿಯನ್ನು ಕೊಂದಂತೆ, ಆ ಕಾಲದಲ್ಲಿ ಹೆಚ್ಚು ದಿನ ಬದುಕದೆ ಹೋಗುತ್ತಿದ್ದ ಗ್ರಾಹಿಯನ್ನೂ ಕೊಂದಂತೆ. ಎಂಟು ವರ್ಷಗಳ ಬಳಿಕ ಅವರೇ ಬರೆದ ಇನ್ನೊಂದು ಪತ್ರದಲ್ಲಿ, ರಕ್ತನಾಳಕ್ಕೆ ದ್ರವ್ಯವೊಂದನ್ನು ಚುಚ್ಚಿ ಮಿದುಳಿಗೂ ದೇಹಕ್ಕೂ ಸಂಬಂಧ ಕಡಿದಿದೆಯೇ ಎಂದು ಪರೀಕ್ಷಿಸಬಹುದಾದರೆ, ಕಡಿದಿರುವುದು ಖಚಿತವಾದವನು ಶಿರಚ್ಛೇದವಾದವನಂತೆಯೇ ಎಂಬ ಮಾತಿದೆ. ಒಹೊಲೋತ್‌ನ ಹಲ್ಲಿಯ ಬಾಲ ಇಲ್ಲಿ ಮತ್ತೆ ಕಾಣುತ್ತದೆ. ಅವರ ಅಳಿಯ, ಸ್ವತಃ ಜೀವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಬ್ಬಿ ಮೋಶೆ ಟೆಂಡ್ಲರ್ ಈ ಪತ್ರವನ್ನು ಮಿದುಳು ಸಾವಿಗೆ ಕೊಟ್ಟ ಒಪ್ಪಿಗೆಯೆಂದು ವಾದಿಸಿದರು. ಅದು ಉಸಿರು ನಿಂತವನ ವಿಷಯದಲ್ಲಿ ಕೇಳಿದ ಹೆಚ್ಚುವರಿ ಪರೀಕ್ಷೆ ಮಾತ್ರ ಎಂದು ಇತರರು ಓದಿದರು. ಒಬ್ಬರೇ ಬರೆದ ಪತ್ರಗಳನ್ನು ಎರಡೂ ಪಕ್ಷದವರು ಉದ್ಧರಿಸುವುದು ಇಂದಿಗೂ ನಡೆದಿದೆ.

ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿ 1986ರಲ್ಲಿ ಮಿದುಳುಕಾಂಡ ಸತ್ತು ಸ್ವತಂತ್ರ ಉಸಿರಾಟ ಎಂದೆಂದಿಗೂ ನಿಂತಿರುವುದನ್ನು ಸಾವೆಂದು ಒಪ್ಪಿ, ಕೆಲವು ಷರತ್ತುಗಳೊಡನೆ ಹೃದಯ ಕಸಿಗೆ ಅನುಮತಿ ಕೊಟ್ಟಿತು. ಯೋಮಾದ ಮೂಗಿನ ಪರೀಕ್ಷೆಯೇ ಅದಕ್ಕೆ ಆಧಾರ. ಇಂದು ವೈದ್ಯರು ಮಾಡುವ ಆಪ್ನಿಯಾ ಪರೀಕ್ಷೆಯನ್ನು ಗಮನಿಸಿದರೆ ಈ ಹೋಲಿಕೆ ಬಲವಂತದ್ದೆನಿಸುವುದಿಲ್ಲ. ರೋಗಿಗೆ ಮೊದಲು ಸಾಕಷ್ಟು ಆಮ್ಲಜನಕ ಕೊಟ್ಟು, ವೆಂಟಿಲೇಟರಿನಿಂದ ಬಿಡಿಸಿ, ಆಮ್ಲಜನಕವನ್ನು ಮಾತ್ರ ಶ್ವಾಸನಾಳಕ್ಕೆ ಹಾಯಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಉಸಿರಾಡೆಂದು ಮಿದುಳುಕಾಂಡವನ್ನು ಒತ್ತಾಯಿಸಲು ಅದಕ್ಕಿಂತ ಬಲವಾದ ಪ್ರಚೋದನೆಯಿಲ್ಲ. ಅದರ ಒತ್ತಡ 60 ಮಿಲಿಮೀಟರ್ ಪಾದರಸದ ಮಟ್ಟ ಮುಟ್ಟಿದರೂ ಎದೆಯಾಗಲಿ ಹೊಟ್ಟೆಯಾಗಲಿ ಒಮ್ಮೆಯೂ ಮೇಲೇಳದಿದ್ದರೆ, ಉಸಿರಾಟದ ಸಾಮರ್ಥ್ಯ ಹೋಗಿದೆಯೆಂದು ಬರೆದುಕೊಳ್ಳುತ್ತಾರೆ. ಪರೀಕ್ಷಿಸುವವರು ಅಷ್ಟೂ ಹೊತ್ತು ಹಾಸಿಗೆಯ ಪಕ್ಕ ನಿಂತು ನೋಡುವುದು ಎದೆಯೇರಿತೇ ಎಂಬುದೊಂದನ್ನೇ.

ಇದನ್ನು ಒಪ್ಪದವರಲ್ಲಿ ಜೆರುಸಲೇಮಿನ ಮಹಾಪಂಡಿತರಾದ ಶ್ಲೊಮೊ ಜಲ್ಮನ್ ಔಅರ್‌ಬಾಖ್ (1910–1995), ಯೋಸೆಫ್ ಶಾಲೋಮ್ ಎಲ್ಯಾಶಿವ್, ಎಲಿಯೆಜೆರ್ ವಾಲ್ಡೆನ್‌ಬೆರ್ಗ್ ಇದ್ದರು. ಔಅರ್‌ಬಾಖ್ ಅವರ ಪ್ರಕರಣ ಕುತೂಹಲಕರ. ಗರ್ಭಿಣಿ ಸಹಜವಾಗಿ ಸತ್ತರೆ ಗರ್ಭದ ಕೂಸು ಅವಳಿಗಿಂತ ಮೊದಲೇ ಸಾಯುತ್ತದೆ ಎಂಬ ಮಾತು ತಾಲ್ಮುದಿನಲ್ಲಿದೆ. ಮಿದುಳು ಸತ್ತ ಗರ್ಭಿಣಿಯರನ್ನು ಯಂತ್ರದ ನೆರವಿನಿಂದ ಉಳಿಸಿಕೊಂಡು ಜೀವಂತ ಮಕ್ಕಳನ್ನು ಪಡೆದ ಉದಾಹರಣೆಗಳು ಇರುವುದರಿಂದ, ಆ ತಾಯಂದಿರು ಸತ್ತಿರಲಿಲ್ಲ ಎಂದೇ ಅರ್ಥವಾಗಬೇಕಲ್ಲವೇ ಎಂದು ಅವರು ಕೇಳಿದರು. ಇದಕ್ಕೆ ಉತ್ತರವಾಗಿ 1992ರಲ್ಲಿ ಇಸ್ರೇಲಿನಲ್ಲಿ ಒಂದು ಪ್ರಯೋಗ ನಡೆಯಿತು. ಗಬ್ಬದ ಕುರಿಯೊಂದರ ತಲೆಯನ್ನು ಪೂರ್ತಿಯಾಗಿ ಕಡಿದು, ವೆಂಟಿಲೇಟರಿನ ನೆರವಿನಿಂದ ಅದರ ಹೃದಯ ಬಡಿಯುತ್ತಿರುವಂತೆ ನೋಡಿಕೊಂಡು, ಸಿಸೇರಿಯನ್ ಮೂಲಕ ಜೀವಂತ ಮರಿಯನ್ನು ಹೊರತೆಗೆದರು. ತಲೆ ಕಡಿದದ್ದು ಶವವೆಂಬುದರಲ್ಲಿ ಮಿಷ್ನಾಕ್ಕೇ ಸಂಶಯವಿಲ್ಲದ ಮೇಲೆ, ಗರ್ಭದ ಆಧಾರದ ಮೇಲೆ ನಿಂತ ವಾದ ಬಿತ್ತು. ಔಅರ್‌ಬಾಖ್ ಅದನ್ನು ಒಪ್ಪಿಕೊಂಡರು. ಹಾಗೆಂದು ಹೃದಯ ಬಡಿಯುತ್ತಿರುವವನ ಅಂಗ ತೆಗೆಯಲು ಮಾತ್ರ ಒಪ್ಪಲಿಲ್ಲ. ಮಿದುಳಿನ ಪ್ರತಿಯೊಂದು ಭಾಗವೂ ಸತ್ತಿದೆಯೆಂಬುದಕ್ಕೆ ಪ್ರಮಾಣವಿಲ್ಲದಿರುವಾಗ ಸಂಶಯದಲ್ಲಿ ಜೀವದ ಪರ ನಿಲ್ಲಬೇಕೆಂಬುದು ಅವರ ಪಟ್ಟು. ಮಿದುಳು ಸತ್ತಿದೆಯೆಂದು ತೀರ್ಮಾನಿಸಿದ ಕೆಲವರಲ್ಲಿ ಮಿದುಳು ಮಾಡುವ ಹಾರ್ಮೋನುಗಳ ನಿಯಂತ್ರಣ ಸ್ವಲ್ಪ ಮಟ್ಟಿಗೆ ಮುಂದುವರಿಯುವುದು ಕಂಡುಬಂದಿರುವುದರಿಂದ ಈ ಸಂಶಯವನ್ನು ಬುಡವಿಲ್ಲದ್ದೆಂದು ತಳ್ಳಿಹಾಕಲು ನನಗೂ ಮನಸ್ಸಾಗದು. ಒಟ್ಟಾರೆ ನೋಡಿದರೆ ಉಸಿರಿನ ಪಕ್ಷವೇ ತಾಲ್ಮುದಿನ ಮಾತಿಗೆ ಹತ್ತಿರವೆಂದು ಮಾತ್ರ ಹೇಳಬಲ್ಲೆ.

ಇಸ್ರೇಲಿನ ಸಂಸತ್ತು 2008ರಲ್ಲಿ ಈ ಬಗ್ಗೆ ಕಾನೂನು ಮಾಡಿತು. ಮಿದುಳು ಸಾವನ್ನು ತೀರ್ಮಾನಿಸುವ ಇಬ್ಬರು ವೈದ್ಯರು ವಿಶೇಷ ಅರ್ಹತೆ ಪಡೆದವರಾಗಿರಬೇಕು, ರೋಗಿಗೆ ಚಿಕಿತ್ಸೆ ಕೊಡುತ್ತಿರುವವರೂ ಕಸಿಯ ತಂಡದವರೂ ಆಗಿರಬಾರದು, ಹಾಸಿಗೆಯ ಬಳಿಯ ತಪಾಸಣೆಯ ಜೊತೆಗೆ ಯಂತ್ರದ ಪರೀಕ್ಷೆಯೂ ಆಗಬೇಕು. ವೈದ್ಯರಿಗೆ ಅರ್ಹತೆ ಕೊಡುವ ಸಮಿತಿಯಲ್ಲಿ ಧರ್ಮಪಂಡಿತರಿಗೂ ಸ್ಥಾನವಿದೆ. ಕುಟುಂಬದವರು ಧಾರ್ಮಿಕ ಕಾರಣದಿಂದ ಒಪ್ಪದಿದ್ದರೆ ಹೃದಯ ನಿಲ್ಲುವವರೆಗೆ ವೆಂಟಿಲೇಟರನ್ನು ತೆಗೆಯುವಂತಿಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1991ರಲ್ಲೇ ಇಂಥದೊಂದು ವಿನಾಯಿತಿಯನ್ನು ಕಾನೂನಿನಲ್ಲಿ ಸೇರಿಸಿದೆ. ಒಂದೇ ಸ್ಥಿತಿಯಲ್ಲಿರುವ ಇಬ್ಬರಲ್ಲಿ ಒಬ್ಬ ಕಾನೂನಿನ ಕಣ್ಣಿಗೆ ಸತ್ತವನು, ಇನ್ನೊಬ್ಬ ಬದುಕಿರುವವನು ಆಗುವುದು ವಿಚಿತ್ರವಾಗಿ ಕಂಡೀತು. ಒಪ್ಪದವರ ಮೇಲೆ ಸಾವನ್ನು ಹೇರುವುದಕ್ಕಿಂತ ಈ ವಿಚಿತ್ರವನ್ನು ಸಹಿಸಿಕೊಳ್ಳುವುದು ಮೇಲೆಂದು ಶಾಸಕರು ಭಾವಿಸಿದಂತಿದೆ.

ಪ್ರಶ್ನೆ: ಒಂದು ಗಳಿಗೆಯ ಜೀವವನ್ನೂ ಉಳಿಸಬೇಕೆಂದಾದರೆ ಗುಣವಾಗುವ ಆಸೆಯಿಲ್ಲದೆ ನರಳುತ್ತಿರುವವರ ಗತಿಯೇನು? ಅವರನ್ನು ಕೊನೆಯವರೆಗೂ ಯಂತ್ರಕ್ಕೆ ಕಟ್ಟಿಹಾಕಿರಬೇಕೇ?

ಉತ್ತರ: ಇಲ್ಲ. ಆದರೆ ದಾರಿ ಬಹಳ ಕಿರಿದು. ಸಾಯುತ್ತಿರುವವನು ಎಲ್ಲ ವಿಷಯದಲ್ಲೂ ಬದುಕಿರುವವನೇ ಎಂಬುದು ಮೂಲ ನಿಯಮ. ಪ್ರಾಣ ಹೋಗುತ್ತಿರುವಾಗ ಕಣ್ಣು ಮುಚ್ಚಿಸುವವನನ್ನು ಕೂಡ ರಕ್ತ ಸುರಿಸಿದವನೆಂದು ತಾಲ್ಮುದ್ ಕರೆಯುತ್ತದೆ. ಆರುತ್ತಿರುವ ದೀಪ ಬೆರಳು ತಾಗಿದರೂ ಆರಿಹೋಗುತ್ತದೆಯಲ್ಲವೇ ಎನ್ನುತ್ತದೆ. ಹನ್ನೆರಡನೆಯ ಶತಮಾನದ ಧರ್ಮಶಾಸ್ತ್ರಕಾರ ಮೈಮೊನಿಡೀಸ್ ಸ್ವತಃ ವೈದ್ಯ. ಸತ್ತನೆಂದು ಕಂಡ ಮೇಲೂ ಸ್ವಲ್ಪ ಹೊತ್ತು ಕಾಯಿರಿ, ಮೂರ್ಛೆ ಹೋಗಿದ್ದಿರಬಹುದು ಎಂದು ಬರೆದ.

ಇದರ ಜೊತೆಗೇ ಇನ್ನೊಂದು ಎಳೆಯಿದೆ. ಮಿಷ್ನಾವನ್ನು ಸಂಕಲಿಸಿದ ಯೆಹೂದಾ ಹನಾಸಿ ಕಾಯಿಲೆ ಬಿದ್ದಾಗ ಶಿಷ್ಯರು ಎಡೆಬಿಡದೆ ಪ್ರಾರ್ಥಿಸುತ್ತ ಅವರ ಪ್ರಾಣವನ್ನು ಹಿಡಿದು ನಿಲ್ಲಿಸಿದ್ದರಂತೆ. ಮನೆಯ ದಾಸಿ ಮೊದಲು ತಾನೂ ಅವರು ಬದುಕಲೆಂದೇ ಬೇಡಿದಳು. ಅವರು ಎಷ್ಟು ಸಲ ಶೌಚಕ್ಕೆ ಹೋಗಬೇಕಾಗುತ್ತಿದೆ, ಪ್ರತಿ ಸಲವೂ ತೋಳಿಗೂ ಹಣೆಗೂ ಕಟ್ಟಿಕೊಂಡ ಪ್ರಾರ್ಥನೆಯ ಪಟ್ಟಿಗಳನ್ನು ಬಿಚ್ಚಿ ಕಟ್ಟುತ್ತ ಎಷ್ಟು ನರಳುತ್ತಿದ್ದಾರೆ ಎಂದು ಕಂಡ ಮೇಲೆ ಮನಸ್ಸು ಬದಲಾಯಿಸಿ ಮಾಳಿಗೆಯಿಂದ ಒಂದು ಗಡಿಗೆಯನ್ನು ಕೆಳಗೆ ಎಸೆದಳು. ಸದ್ದಿಗೆ ಬೆಚ್ಚಿ ಶಿಷ್ಯರು ಒಂದು ಕ್ಷಣ ಪ್ರಾರ್ಥನೆ ನಿಲ್ಲಿಸಿದರು, ಅಷ್ಟರಲ್ಲಿ ಪ್ರಾಣ ಹೋಯಿತು. ತಾಲ್ಮುದ್ ಅವಳನ್ನು ನಿಂದಿಸುವುದಿಲ್ಲ. ಹದಿನಾರನೆಯ ಶತಮಾನದ ಕ್ರಾಕೋವಿನ ರಬ್ಬಿ ಮೋಸೆಸ್ ಇಸ್ಸರ್ಲೆಸ್ ಈ ಎಳೆಗೆ ನಿಯಮದ ರೂಪ ಕೊಟ್ಟರು. ಸಾವನ್ನು ತ್ವರೆಗೊಳಿಸುವ ಯಾವುದನ್ನೂ ಮಾಡಕೂಡದು, ಆದರೆ ಪ್ರಾಣ ಹೋಗದಂತೆ ತಡೆದಿರುವ ಅಡ್ಡಿಯನ್ನು ನಿವಾರಿಸಬಹುದು. ಹೊರಗೆ ಸೌದೆ ಸೀಳುವ ಸದ್ದು, ನಾಲಿಗೆಯ ಮೇಲಿಟ್ಟ ಉಪ್ಪು ಅವರು ಕೊಡುವ ಉದಾಹರಣೆಗಳು.

ವೆಂಟಿಲೇಟರ್ ನಾಲಿಗೆಯ ಮೇಲಿನ ಉಪ್ಪೋ, ಅಥವಾ ಉಸಿರೇ ಆಗಿಬಿಟ್ಟಿದೆಯೋ? ಈ ಪ್ರಶ್ನೆಯನ್ನು ಬಿಡಿಸಲು ಇಸ್ರೇಲ್ ಸರ್ಕಾರ 2000ದಲ್ಲಿ ಮಕ್ಕಳ ನರರೋಗ ತಜ್ಞರೂ ರಬ್ಬಿಯೂ ಆದ ಅವ್ರಹಾಂ ಸ್ಟೈನ್‌ಬೆರ್ಗ್ ಅವರ ಅಧ್ಯಕ್ಷತೆಯಲ್ಲಿ 59 ಸದಸ್ಯರ ಸಮಿತಿ ರಚಿಸಿತು. ಅದರ ಫಲವಾಗಿ 2005ರಲ್ಲಿ ಬಂದ ಕಾನೂನು, ಚಿಕಿತ್ಸೆಗಳನ್ನು ಎರಡಾಗಿ ವಿಂಗಡಿಸುತ್ತದೆ. ಡಯಾಲಿಸಿಸ್, ಕೀಮೋಥೆರಪಿಗಳಂತೆ ಒಂದು ಸರದಿ ಮುಗಿದು ಇನ್ನೊಂದು ಶುರುವಾಗುವಂಥವು ಒಂದು ಬಗೆ. ಆರು ತಿಂಗಳಿಗಿಂತ ಹೆಚ್ಚು ಬದುಕಲಾರನೆಂದು ವೈದ್ಯರು ತೀರ್ಮಾನಿಸಿದ ರೋಗಿ ಬೇಡವೆಂದರೆ ಮುಂದಿನ ಸರದಿಯನ್ನು ಆರಂಭಿಸದಿರಬಹುದು. ವೆಂಟಿಲೇಟರಿನಂತೆ ನಿರಂತರ ನಡೆಯುವುದು ಇನ್ನೊಂದು ಬಗೆ. ಅದನ್ನು ಆರಂಭಿಸದೆಯೇ ಇರಬಹುದು, ಆರಂಭಿಸಿದ ಮೇಲೆ ನಿಲ್ಲಿಸುವಂತಿಲ್ಲ. ವೆಂಟಿಲೇಟರಿಗೆ ಟೈಮರ್ ಅಳವಡಿಸುವ ಉಪಾಯವನ್ನು ಸಮಿತಿ ಕಂಡುಕೊಂಡದ್ದು ಇಲ್ಲಿಯೇ. ನಿಗದಿತ ಅವಧಿ ಮುಗಿಯುವ ಮುನ್ನ ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಆಗ ವೈದ್ಯರು ಅದನ್ನು ಮುಂದುವರಿಸಬಹುದು ಅಥವಾ ಮುಂದುವರಿಸದಿರಬಹುದು. ನಿಲ್ಲಿಸುವ ಕ್ರಿಯೆ ಹೀಗೆ ಮತ್ತೆ ಆರಂಭಿಸದಿರುವುದಾಗಿ ಮಾರ್ಪಡುತ್ತದೆ. ಇದು ಬರೀ ಜಾಣತನವೆಂದು ಟೀಕಿಸಿದವರಿದ್ದಾರೆ. ಫಲ ಒಂದೇ ಆದರೂ ನನ್ನ ಕೈಯಿಂದ ಏನಾಯಿತು ಎಂಬುದನ್ನೇ ತೂಗಿನೋಡುವ ಧರ್ಮಶಾಸ್ತ್ರದ ಒಳಗಿನಿಂದ ನೋಡಿದರೆ ಆ ವ್ಯತ್ಯಾಸ ಚಿಕ್ಕದಲ್ಲ. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೂ ಆತ್ಮಹತ್ಯೆಗೆ ವೈದ್ಯರು ನೆರವಾಗುವುದಕ್ಕೂ ಈ ಕಾನೂನಿನಲ್ಲಿ ಅವಕಾಶವಿಲ್ಲ.

ಪ್ರಶ್ನೆ: ಜೀವದ ಆರಂಭದ ವಿಷಯದಲ್ಲೂ ಇಷ್ಟೇ ಬಿಗಿಯೇ? ಗರ್ಭಪಾತವನ್ನು ಅವರು ಕೊಲೆಯೆಂದು ಎಣಿಸುತ್ತಾರೆಯೇ?

ಉತ್ತರ: ಅಲ್ಲಿ ಹಂತಗಳಿವೆ. ಮೊದಲ ನಲವತ್ತು ದಿನಗಳ ಗರ್ಭವನ್ನು ಬರೀ ನೀರೆಂದು ತಾಲ್ಮುದಿನ ಒಂದು ವಾಕ್ಯ ಎಣಿಸುತ್ತದೆ. ಹೆರಿಗೆಯಲ್ಲಿ ತಾಯಿಯ ಜೀವಕ್ಕೆ ಅಪಾಯ ಬಂದರೆ ಗರ್ಭವನ್ನು ಒಳಗೇ ತುಂಡರಿಸಿಯಾದರೂ ಆಕೆಯನ್ನು ಉಳಿಸಬೇಕು, ಆಕೆಯ ಜೀವ ಮೊದಲಿನದು ಎಂದು ಮಿಷ್ನಾ ಹೇಳುತ್ತದೆ. ಕೂಸಿನ ಹೆಚ್ಚಿನ ಭಾಗ ಹೊರಗೆ ಬಂದಿದ್ದರೆ ಮಾತ್ರ ಮುಟ್ಟುವಂತಿಲ್ಲ, ಏಕೆಂದರೆ ಒಂದು ಜೀವಕ್ಕಾಗಿ ಇನ್ನೊಂದನ್ನು ತಳ್ಳಲಾಗದು. ಹೀಗಾಗಿ ಗರ್ಭ ಪೂರ್ಣ ಅರ್ಥದಲ್ಲಿ ಮನುಷ್ಯಜೀವವಲ್ಲ ಎಂಬ ನಿಲುವು ರಾಶಿಯ ಕಾಲದಿಂದ ಬಂದಿದೆ. ಅಷ್ಟರಿಂದ ಗರ್ಭಪಾತಕ್ಕೆ ಮುಕ್ತ ಅನುಮತಿ ಸಿಕ್ಕಂತಾಗಲಿಲ್ಲ. ಆಕ್ರಮಿಸಲು ಅಟ್ಟಿಸಿಕೊಂಡು ಬರುವವನಂತೆ ಗರ್ಭ ಇಲ್ಲಿ ತಾಯಿಯ ಬೆನ್ನುಹತ್ತಿದೆ ಎಂಬ ಕಾರಣವನ್ನು ಮೈಮೊನಿಡೀಸ್ ಕೊಟ್ಟದ್ದರಿಂದ, ಅಂಥ ಅಪಾಯವಿಲ್ಲದಾಗ ಗರ್ಭಪಾತ ಕೊಲೆಗೆ ಸಮೀಪವೆಂದು ಓದಲು ಅವಕಾಶವಾಯಿತು.

ಎರಡೂ ಓದುಗಳು ಮುಖಾಮುಖಿಯಾದದ್ದು 1970ರ ದಶಕದಲ್ಲಿ, ಟೇ-ಸ್ಯಾಕ್ಸ್ ಕಾಯಿಲೆಯ ವಿಷಯದಲ್ಲಿ. ಪೂರ್ವ ಯೂರೋಪ್ ಮೂಲದ ಯಹೂದಿಗಳಲ್ಲಿ ಹೆಚ್ಚಾಗಿದ್ದ ಈ ಆನುವಂಶಿಕ ರೋಗದಿಂದ ಹುಟ್ಟಿದ ಮಕ್ಕಳು ದೃಷ್ಟಿ, ಚಲನೆಗಳನ್ನು ಕಳೆದುಕೊಂಡು ಸಾಮಾನ್ಯವಾಗಿ ಐದು ವರ್ಷ ತುಂಬುವ ಮೊದಲೇ ಸಾಯುತ್ತಾರೆ. ಗರ್ಭದಲ್ಲೇ ಇದು ಪತ್ತೆಯಾದಾಗ ಏಳನೆಯ ತಿಂಗಳವರೆಗೂ ಗರ್ಭಪಾತ ಮಾಡಿಸಬಹುದೆಂದು ವಾಲ್ಡೆನ್‌ಬೆರ್ಗ್ ತೀರ್ಪಿತ್ತರು. ಫೈನ್‌ಸ್ಟೈನ್ ಅದನ್ನು ಅತ್ಯಂತ ಕಟುವಾಗಿ ಖಂಡಿಸಿದರು. ಸಾವಿನ ಪ್ರಶ್ನೆಯಲ್ಲಿ ಹೃದಯದ ಪಕ್ಷ ಹಿಡಿದು ಬಿಗಿಯಾಗಿದ್ದ ವಾಲ್ಡೆನ್‌ಬೆರ್ಗ್ ಇಲ್ಲಿ ಉದಾರವಾಗಿಯೂ, ಶಿರಚ್ಛೇದದ ಹೋಲಿಕೆ ತಂದ ಫೈನ್‌ಸ್ಟೈನ್ ಇಲ್ಲಿ ಬಿಗಿಯಾಗಿಯೂ ನಿಂತದ್ದನ್ನು ಗಮನಿಸಬೇಕು. ಇವರನ್ನು ಸಂಪ್ರದಾಯವಾದಿ, ಸುಧಾರಕ ಎಂಬ ಎರಡು ಗೂಡುಗಳಲ್ಲಿ ಹಾಕಲು ಹೋದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಮಿದುಳು ಸಾವನ್ನು ಒಪ್ಪದವರು ತಮಗೆ ಹೃದಯ ಬೇಕಾದಾಗ ಬೇರೆಯವರಿಂದ ಪಡೆಯುತ್ತಾರೆಯೇ?

ಉತ್ತರ: ಪಡೆಯುವವರಿದ್ದಾರೆ, ಅದಕ್ಕೆ ಅನುಮತಿ ಕೊಟ್ಟ ರಬ್ಬಿಗಳೂ ಇದ್ದಾರೆ. ಈ ರೋಗಿ ಬೇಡವೆಂದರೂ ಸರದಿಯಲ್ಲಿರುವ ಮುಂದಿನವರಿಗಾಗಿ ಆ ಹೃದಯವನ್ನು ತೆಗೆದೇ ತೆಗೆಯುತ್ತಾರೆ, ಆದ್ದರಿಂದ ದಾನಿಯ ಸಾವಿಗೆ ಈತ ಕಾರಣನಲ್ಲ ಎಂಬುದು ಅವರ ತರ್ಕ. ತರ್ಕಕ್ಕೆ ಇದು ನಿಂತರೂ ನೆರೆಹೊರೆಯವರ ಮುಂದೆ ನಿಲ್ಲುವುದು ಕಷ್ಟ. ಕೊಡದೆ ತೆಗೆದುಕೊಳ್ಳುವವರ ಬಗೆಗಿನ ಅಸಮಾಧಾನ 2008ರ ಅಂಗ ಕಸಿ ಕಾನೂನಿಗೆ ಒಂದು ಪ್ರೇರಣೆ. ಮರಣಾನಂತರ ಅಂಗದಾನ ಮಾಡುವುದಾಗಿ ಮೊದಲೇ ಸಹಿ ಮಾಡಿದವರಿಗೂ ಅವರ ಹತ್ತಿರದ ಬಂಧುಗಳಿಗೂ, ತಮಗೆ ಅಂಗ ಬೇಕಾದಾಗ ಸರದಿಯಲ್ಲಿ ಆದ್ಯತೆ ಸಿಗುತ್ತದೆ. ಧರ್ಮನಿಷ್ಠೆಯ ಕಾರಣಕ್ಕೆ ಸಹಿ ಮಾಡಲಾಗದವರಿಗೆ ಇದು ಶಿಕ್ಷೆಯಾಯಿತೆಂಬ ಆಕ್ಷೇಪ ಕೂಡಲೇ ಬಂತು. ಆದಿ ಎಂದು ಕರೆಯುವ ಇಸ್ರೇಲಿನ ರಾಷ್ಟ್ರೀಯ ದಾನಿ ಕಾರ್ಡಿನಲ್ಲಿ, ಕುಟುಂಬದವರು ಆರಿಸಿದ ಧರ್ಮಪಂಡಿತರೊಬ್ಬರು ಆ ಹೊತ್ತಿನಲ್ಲಿ ಒಪ್ಪಿದರೆ ಮಾತ್ರ ಅಂಗ ತೆಗೆಯಬೇಕೆಂಬ ಷರತ್ತನ್ನು ಗುರುತು ಹಾಕಲು ಜಾಗವಿದೆ. 2001ರಲ್ಲಿ ಆರಂಭವಾದ ಹಲಾಖಿಕ್ ಆರ್ಗನ್ ಡೋನರ್ ಸೊಸೈಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅದರ ಕಾರ್ಡಿನಲ್ಲಿ ಮಿದುಳುಕಾಂಡ ಸತ್ತಾಗ ದಾನ ಮಾಡುವುದೋ ಹೃದಯ ನಿಂತ ಮೇಲೆ ದಾನ ಮಾಡುವುದೋ ಎಂದು ಎರಡು ಆಯ್ಕೆಗಳಿರುತ್ತವೆ, ಸಹಿ ಮಾಡುವವರು ತಮ್ಮ ರಬ್ಬಿಯನ್ನು ಕೇಳಿ ಒಂದನ್ನು ಗುರುತಿಸುತ್ತಾರೆ.